ಪ್ರಕೃತಿ, ಅನುಮಾನ, ಆಗಮ: ಮಾನವಿ–ದೇವದುರ್ಗ ಸೀಮೆಯ ದಾಸಸಾಹಿತ್ಯದಲ್ಲಿ ಸೃಷ್ಟಿಕರ್ತನ ಸಾಕ್ಷ್ಯದ ಪ್ರಶ್ನೆ

ಜಗತ್ತಿನ ಅಚ್ಚುಕಟ್ಟನ್ನು ಕಂಡು, ಅದನ್ನು ರಚಿಸಿದವನೊಬ್ಬ ಇರಲೇಬೇಕೆಂದು ಸಾಧಿಸುವ ವಾದಕ್ಕೆ ಭಾರತೀಯ ದರ್ಶನಗಳಲ್ಲಿ ಬಿಗಿಯಾದ ರೂಪ ಕೊಟ್ಟವರು ನೈಯಾಯಿಕರು. ಗಡಿಗೆ ಒಂದು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತೃ ಉಂಟು. ಭೂಮಿ, ಮೊಳಕೆ ಮೊದಲಾದವೂ ಕಾರ್ಯಗಳೇ. ಹಾಗಾದರೆ ಅವಕ್ಕೂ ಕರ್ತೃ ಬೇಕು. ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ಯ ಐದನೆಯ ಸ್ತಬಕವು ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ಅನುಮಾನದ ಜೊತೆಗೆ ಬೇರೆ ಹೇತುಗಳನ್ನೂ ಪೋಣಿಸುತ್ತದೆ: ಪರಮಾಣುಗಳನ್ನು ಕೂಡಿಸುವ ಮೊದಲ ಚಲನೆ ಯಾರದು, ಜಗತ್ತು ಕುಸಿಯದಂತೆ ಹಿಡಿದಿರುವುದು ಯಾವುದು, ವೇದವಾಕ್ಯಗಳಿಗೆ ವಕ್ತೃ ಯಾರು, ಹೀಗೆ.

ಈ ವಾದಕ್ಕೆ ಬಂದ ಆಕ್ಷೇಪಗಳೂ ಹಳೆಯವೇ. ಕುಂಬಾರನಿಗೆ ಶರೀರವಿದೆ, ಜಗತ್ಕರ್ತೃವಿಗೆ ಶರೀರವಿದೆಯೇ, ಇದ್ದರೆ ಅದನ್ನು ಮಾಡಿದವರು ಯಾರು ಎಂದು ಮೀಮಾಂಸಕ ಕುಮಾರಿಲಭಟ್ಟ ಕೇಳಿದ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತೃವಾದವನ್ನೇ ಅಲ್ಲಗಳೆದರು. ಪರಿಪೂರ್ಣನಾದವನಿಗೆ ಸೃಷ್ಟಿಸುವ ಬಯಕೆ ಏಕೆ, ಅಪೂರ್ಣನಾದರೆ ಆ ಶಕ್ತಿ ಎಲ್ಲಿಯದು ಎಂಬುದು ಅವರ ಪ್ರಶ್ನೆಯ ಮೊನೆ. 941ರಲ್ಲಿ ಪಂಪ ಕನ್ನಡದಲ್ಲಿ ರಚಿಸಿದ ‘ಆದಿಪುರಾಣ’ಕ್ಕೆ ಆಕರವಾದದ್ದು ಇದೇ ಗ್ರಂಥ. ಶಾಸ್ತ್ರವೇ ಬ್ರಹ್ಮನಿಗೆ ಪ್ರಮಾಣವೆಂದು ಸಾರುವ ಬ್ರಹ್ಮಸೂತ್ರದ ಭಾಗಕ್ಕೆ ಭಾಷ್ಯ ಬರೆಯುವಾಗ ರಾಮಾನುಜಾಚಾರ್ಯರು ಇನ್ನೊಂದು ತೊಡಕನ್ನು ತೋರಿಸಿದರು. ದೊಡ್ಡ ಅರಮನೆಯನ್ನು ಅನೇಕರು ಸೇರಿ ಕಟ್ಟುತ್ತಾರೆ. ಜಗತ್ತನ್ನು ಒಬ್ಬನೇ ಕಟ್ಟಿದನೆಂದು ಅನುಮಾನ ಹೇಗೆ ಹೇಳೀತು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ ಸಂವಾದಗ್ರಂಥ 1779ರಲ್ಲಿ ಎತ್ತಿದ ಆಕ್ಷೇಪಗಳಲ್ಲಿಯೂ ಇದು ಇದೆ. ಇವರಲ್ಲಿ ರಾಮಾನುಜರು ದೇವರನ್ನು ನಿರಾಕರಿಸಿದವರಲ್ಲ. ಅವರ ತಕರಾರು ಇದ್ದದ್ದು ದೇವರನ್ನು ಸಾಧಿಸಹೊರಟ ದಾರಿಯ ಬಗ್ಗೆ.

ಮಧ್ವಾಚಾರ್ಯರ ನಿಲುವೂ ಇದೇ ದಿಕ್ಕಿನದು, ಇನ್ನಷ್ಟು ಖಂಡಿತವಾದದ್ದು. ಅವರ ‘ವಿಷ್ಣುತತ್ತ್ವವಿನಿರ್ಣಯ’ ಆರಂಭದಲ್ಲಿಯೇ ಹರಿಯು ಸದಾಗಮಗಳಿಂದ ಮಾತ್ರ ತಿಳಿಯತಕ್ಕವನೆಂದು ಘೋಷಿಸುತ್ತದೆ. ಆಗಮದ ಆಸರೆಯಿಲ್ಲದ ಅನುಮಾನ ಯಾರು ಎಳೆದತ್ತ ಹೋಗುತ್ತದೆ. ಕರ್ತೃವಿದ್ದಾನೆಂದು ಸಾಧಿಸಿದ ಯುಕ್ತಿಗೆ ಎದುರಾಗಿ ಇಲ್ಲವೆಂದು ಸಾಧಿಸುವ ಯುಕ್ತಿಯನ್ನೂ ಹೂಡಬಹುದು. ಜಡಪ್ರಕೃತಿ ತಾನೇ ತಾನಾಗಿ ಜಗತ್ತಾಗಿ ಪರಿಣಮಿಸುತ್ತದೆಂಬ ನಿರೀಶ್ವರ ಸಾಂಖ್ಯವನ್ನು ಖಂಡಿಸುವಾಗ ಮಧ್ವರ ಅನುಯಾಯಿಗಳಾದ ದ್ವೈತಿಗಳೂ ರಚನೆಯ ಯುಕ್ತಿಯನ್ನು ಬಳಸುತ್ತಾರೆ ನಿಜ. ಅಲ್ಲಿ ಅದು ಪರಪಕ್ಷವನ್ನು ಮುರಿಯುವ ಆಯುಧ, ಸ್ವಪಕ್ಷದ ಅಡಿಗಲ್ಲು ಅಲ್ಲ.

ಈ ಸಿದ್ಧಾಂತ ಕನ್ನಡದಲ್ಲಿ ತುಂಬಿ ಹರಿದದ್ದು ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಲ್ಲಿ. ವಿಜಯದಾಸರು (1682–1755) ಮಾನವಿ ಸೀಮೆಯ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಮಾನವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು (1728–1809) ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡ ಹಾಡಿಕೊಂಡು ತಿರುಗುವ ದಾಸರನ್ನು ಕಡೆಗಣಿಸಿ ಉದರರೋಗಕ್ಕೆ ತುತ್ತಾದರೆಂದೂ, ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಕೊಟ್ಟು ಉಳಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಶಾಸ್ತ್ರಗ್ರಂಥ. ಮಾನವಿಯಲ್ಲಿ ಇಂದಿಗೂ ಅದರ ಪಾಠ, ಪಾರಾಯಣ ನಡೆಯುತ್ತದೆ.

ಈ ಕೃತಿಯಲ್ಲಿ ಪ್ರಕೃತಿಯ ವಿವರ ದಂಡಿಯಾಗಿದೆ. ವ್ಯಾಪ್ತಿ, ವಿಭೂತಿ, ಪಂಚತನ್ಮಾತ್ರ, ನಾಡೀಪ್ರಕರಣ, ಶ್ವಾಸ ಎಂಬ ಸಂಧಿಗಳ ಹೆಸರುಗಳೇ ಅದನ್ನು ಹೇಳುತ್ತವೆ. ಭೋಜನರಸವಿಭಾಗ ಸಂಧಿಯಲ್ಲಿ ಎಲೆಯ ಮೇಲಿನ ಒಂದೊಂದು ಪದಾರ್ಥಕ್ಕೂ ಒಬ್ಬೊಬ್ಬ ಅಭಿಮಾನಿ ದೇವತೆ, ಒಂದೊಂದು ಭಗವದ್ರೂಪ: ತುಪ್ಪದಲ್ಲಿ ಲಕ್ಷ್ಮಿ ಮತ್ತು ಗೋವಿಂದ, ತೊವ್ವೆಯಲ್ಲಿ ಗರುಡ ಮತ್ತು ಶ್ರೀಧರ. ಇಲ್ಲಿ ವಿಚಾರದ ಹರಿವು ನೈಯಾಯಿಕರದಕ್ಕೆ ಪೂರ್ತಿ ವಿರುದ್ಧ. ತುಪ್ಪದ ಗುಣವನ್ನು ನೋಡಿ ಗೋವಿಂದನಿದ್ದಾನೆಂದು ಯಾರೂ ಊಹಿಸುತ್ತಿಲ್ಲ. ಗೋವಿಂದನಿದ್ದಾನೆಂದು ಶಾಸ್ತ್ರದಿಂದ ಮೊದಲೇ ತಿಳಿದವನು ತುಪ್ಪವನ್ನು ನೋಡುವಾಗ ಅವನನ್ನು ಸ್ಮರಿಸುತ್ತಾನೆ. ದಾಸರು ಇದನ್ನು ‘ಅನುಸಂಧಾನ’ ಎನ್ನುತ್ತಾರೆ. ಪ್ರಕೃತಿ ಇಲ್ಲಿ ಉಪಾಸನೆಯ ಕ್ಷೇತ್ರ. ಅದನ್ನು ಸಾಕ್ಷಿಯಾಗಿ ಕರೆತರುವ ಪ್ರಸಂಗವೇ ಈ ಕೃತಿಗೆ ಬರುವುದಿಲ್ಲ.

ಶ್ವಾಸ ಸಂಧಿಯ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಮುಖ್ಯಪ್ರಾಣನು ಜೀವರ ದೇಹದಲ್ಲಿದ್ದು ಒಂದು ಅಹೋರಾತ್ರಿಯಲ್ಲಿ 21,600 ಶ್ವಾಸಗಳ ಮೂಲಕ ಹಂಸಮಂತ್ರವನ್ನು ಜಪಿಸುತ್ತಾನೆಂಬುದು ಅದರ ವಿಷಯ. ಈ ಸಂಖ್ಯೆಯನ್ನು 24 ಗಂಟೆಗೆ ಹಂಚಿದರೆ ನಿಮಿಷಕ್ಕೆ 15 ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಎಂದು ಇಂದಿನ ಶರೀರಕ್ರಿಯಾಶಾಸ್ತ್ರ ಹೇಳುವುದರಿಂದ, ವಿಜ್ಞಾನ ಈಗ ಕಂಡದ್ದನ್ನು ಶಾಸ್ತ್ರ ಅಂದೇ ಹೇಳಿತ್ತೆಂಬ ಮಾತು ಪ್ರವಚನಗಳಲ್ಲಿ ಸಲೀಸಾಗಿ ಬರುತ್ತದೆ. ಆದರೆ ಸಂಖ್ಯೆಯ ಹುಟ್ಟು ಬೇರೆ ಕಡೆ ಇದೆ. ಸಿದ್ಧಾಂತ ಜ್ಯೋತಿಷದಲ್ಲಿ ‘ಪ್ರಾಣ’ ಎಂಬುದು ಕಾಲದ ಒಂದು ಮಾನ. 6 ಪ್ರಾಣಕ್ಕೆ ಒಂದು ವಿಘಳಿಗೆ, 60 ವಿಘಳಿಗೆಗೆ ಒಂದು ಘಳಿಗೆ, 60 ಘಳಿಗೆಗೆ ಒಂದು ದಿನ, ಗುಣಿಸಿದರೆ 21,600. ವೃತ್ತದ 360 ಭಾಗೆಗಳಲ್ಲಿ ಒಂದೊಂದಕ್ಕೂ 60 ಕಲೆಗಳಂತೆ ಎಣಿಸಿದಾಗಲೂ ಬರುವುದು ಇದೇ 21,600. ಒಂದು ಪ್ರಾಣದ ಅವಧಿಯಲ್ಲಿ ಆಕಾಶ ಒಂದು ಕಲೆಯಷ್ಟು ಸರಿಯುವಂತೆ ಖಗೋಳಜ್ಞರು ದಿನವನ್ನೂ ವೃತ್ತವನ್ನೂ ಜೋಡಿಸಿಕೊಂಡಿದ್ದರು. ನೆಮ್ಮದಿಯಾಗಿರುವ ಮನುಷ್ಯನ ಉಸಿರು ಆ ಮಾನಕ್ಕೆ ಹತ್ತಿರವಿದ್ದುದರಿಂದ ಹೆಸರು ಹೊಂದಿತು. ಹಸುಗೂಸಿನ ಉಸಿರು ಇದರ ಎರಡರಷ್ಟನ್ನೂ ಮೀರುತ್ತದೆ, ಹೊಲ ಕಡಿಯುವವನದು ಇನ್ನೊಂದು ಲೆಕ್ಕ. ಸಂಖ್ಯೆ ಶಾಸ್ತ್ರೀಯ ಮಾನವಾಗಿ ಚೊಕ್ಕವಾಗಿದೆ. ದೈವೀ ಯೋಜನೆಗೆ ಪುರಾವೆ ಎಂದು ಎತ್ತಿ ಹಿಡಿದಾಗ ಮಾತ್ರ ಕುಂಟುತ್ತದೆ. ಜಗನ್ನಾಥದಾಸರು ಅದನ್ನು ಪುರಾವೆಯೆಂದು ಎತ್ತಿ ಹಿಡಿಯಲಿಲ್ಲ. ಉಸಿರನ್ನೇ ಜಪವೆಂದು ನೆನೆಯುವ ಕ್ರಮಕ್ಕೆ ಅದನ್ನು ತಂದರು.

ದಾಸರು ಮಾನವಿಯಲ್ಲಿ ಇಳಿವಯಸ್ಸಿನಲ್ಲಿದ್ದಾಗ, 1802ರಲ್ಲಿ, ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿಯ ‘ನ್ಯಾಚುರಲ್ ಥಿಯಾಲಜಿ’ ಪ್ರಕಟವಾಯಿತು. ಬಯಲಿನಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನಿರಬೇಕೆಂದು ತಿಳಿಯುವ ಹಾಗೆ ಕಣ್ಣು, ಕೀಲು, ರೆಕ್ಕೆಗಳಿಂದ ದೇವರನ್ನು ತಿಳಿಯಬಹುದೆಂಬ ಪೇಲಿಯ ವಾದ ನೈಯಾಯಿಕರ ಗಡಿಗೆಯ ವಾದಕ್ಕೆ ಹತ್ತಿರದ ನೆಂಟ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಆ ವಾದದ ಬುಡಕ್ಕೇ ಕೈಹಾಕಿದ. ಜೀವಿಗಳಲ್ಲಿ ಹುಟ್ಟುವ ಸಣ್ಣ ವ್ಯತ್ಯಾಸಗಳು, ಅವುಗಳ ಆನುವಂಶಿಕತೆ, ಬದುಕಿ ಮರಿಹಾಕಿದವುಗಳ ಆಯ್ಕೆ, ಇವಿಷ್ಟು ದೀರ್ಘಕಾಲ ನಡೆದರೆ ಯೋಜಿಸಿದಂತೆ ಕಾಣುವ ಅಂಗಗಳು ಯೋಜಕನಿಲ್ಲದೆಯೂ ರೂಪುಗೊಳ್ಳಬಲ್ಲವೆಂದು ತೋರಿಸಿದ.

ಯೋಜನೆಯ ವಾದಿಗಳು ಆರಿಸಿಕೊಳ್ಳುವ ಉದಾಹರಣೆಗಳು ಸಾಮಾನ್ಯವಾಗಿ ಹಿತವಾದವು. ಹೊಂದಾಣಿಕೆಯೇ ಮುಖ್ಯವಾದರೆ ಉತ್ತರ ಕರ್ನಾಟಕದ ಹಿರಿಯರಿಗೆ ನೆನಪಿರುವ ನಾರುಹುಣ್ಣಿನ ಹುಳುವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದರ ಮರಿ ಮೆಟ್ಟಿಲುಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಯ ಒಳಹೊಕ್ಕು, ನೀರಿನೊಡನೆ ಮನುಷ್ಯನ ಹೊಟ್ಟೆ ಸೇರಿ, ಸುಮಾರು ವರ್ಷದ ಬಳಿಕ ಮೀಟರಿನಷ್ಟು ಉದ್ದದ ಹೆಣ್ಣುಹುಳುವಾಗಿ ಕಾಲಿನ ಚರ್ಮದಡಿ ಬಂದು ಬೊಬ್ಬೆ ಎಬ್ಬಿಸುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟ ಕೂಡಲೆ ಹುಳು ಸಾವಿರಾರು ಮರಿಗಳನ್ನು ಅಲ್ಲಿ ಬಿಡುತ್ತದೆ. ಮುಂದಿನ ಪೀಳಿಗೆಗೆ ಬೇಕಾದ ನೀರು, ಅಲ್ಲಿಗೆ ಕರೆದೊಯ್ಯುವ ಉರಿ, ಒಂದಕ್ಕೊಂದು ಇಷ್ಟು ಕರಾರುವಾಕ್ಕಾಗಿ ಕೂಡಿಬಂದ ನಿದರ್ಶನ ಪೇಲಿಯ ಪುಸ್ತಕದಲ್ಲೂ ವಿರಳ. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣ 1996ರದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಕರುಣಾಳು ಯೋಜಕನನ್ನು ಸಾಧಿಸಹೊರಟವರು ಈ ಹುಳುವಿಗೆ ಸಮಾಧಾನ ಹೇಳಬೇಕಾಗುತ್ತದೆ. ದ್ವೈತಕ್ಕೆ ಆ ಇಕ್ಕಟ್ಟಿಲ್ಲ: ಜೀವರಲ್ಲಿ ಸ್ವಭಾವದ ತಾರತಮ್ಯ, ಅನಾದಿಕರ್ಮ, ವಿಷದಲ್ಲೂ ಅಮೃತದಲ್ಲೂ ನಿಯಾಮಕನಾಗಿ ಒಬ್ಬನೇ ಹರಿ. ಆದರೆ ಯಾವ ಉದಾಹರಣೆಯಿಂದಲೂ ಅಲುಗದ ಚೌಕಟ್ಟಿಗೆ ಯಾವ ಉದಾಹರಣೆಯೂ ಸಾಕ್ಷ್ಯವಾಗಲಾರದು ಎಂಬುದನ್ನೂ ಒಪ್ಪಬೇಕು.

ಯೋಜಿತವಾದದ್ದು ಯಾವುದು, ಹಾಗೆ ಕಾಣುವುದು ಯಾವುದು ಎಂಬ ಭೇದಕ್ಕೆ ರಾಯಚೂರಿನ ನೆಲವೇ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ. ಸುತ್ತಲ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಂಡೆ, ಯಾರೋ ತೂಕ ನೋಡಿ ಹೊಂದಿಸಿಟ್ಟ ಹಾಗೆ ನಿಂತಿರುತ್ತವೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು, ಮಣ್ಣು ಕೊಚ್ಚಿಹೋಗಿ ಉಳಿದ ತಿರುಳುಗಳು ಅವು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ನಿಂತಿರುವುದು ಇನ್ನೊಂದು ಬಗೆಯದು. 1985ರಲ್ಲಿ ಮೊದಲ ಘಟಕ ಆರಂಭವಾಗಿ ಈಗ 8 ಘಟಕಗಳಿಂದ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರಕ್ಕೆ ನಕ್ಷೆ, ಟೆಂಡರ್, ಬಿಡಿಭಾಗಗಳ ಪಟ್ಟಿ ಎಲ್ಲವೂ ಉಂಟು. ಅದು ಮನುಷ್ಯಕೃತವೆಂದು ತಿಳಿಯುವುದು ಅದರ ಜಟಿಲತೆಯಿಂದಲ್ಲ, ಅಂಥವನ್ನು ಮನುಷ್ಯರು ಕಟ್ಟುವುದನ್ನು ಕಂಡಿರುವುದರಿಂದ. ಜಗತ್ತುಗಳನ್ನು ಕಟ್ಟುವುದನ್ನು ಯಾರೂ ಕಂಡಿಲ್ಲ. ಇನ್ನು ಗಣಿ, ರೈಲು, ಬಾಯ್ಲರ್, ಟರ್ಬೈನ್‌ಗಳ ಹಿಂದಿನ ಕೈಗಳನ್ನು ಎಣಿಸಹೊರಟರೆ ರಾಮಾನುಜರ ಅರಮನೆಯ ಆಕ್ಷೇಪ ಶಕ್ತಿನಗರಕ್ಕೂ ಸಲ್ಲುತ್ತದೆ.

ಇತ್ತೀಚಿನ ಭಕ್ತಿಸಾಹಿತ್ಯ ಮತ್ತು ಪ್ರವಚನಗಳು ವಿಜ್ಞಾನದಿಂದ ದೇವರನ್ನು ಸಾಧಿಸುವಾಗ ಬಳಸುವ ಸಾಮಗ್ರಿ ಬಹುಮಟ್ಟಿಗೆ ಪೇಲಿಯ ಪರಂಪರೆಯದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರ, ಮಂಜುಗಡ್ಡೆ ತೇಲುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಕೆರೆಯಡಿಯ ಮೀನು ಬದುಕುತ್ತದೆ ಎಂಬುದು ಅಂಥ ಒಂದು ನೆಚ್ಚಿನ ಉದಾಹರಣೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟದ ಸೀಮೆಯ ಕೇಳುಗರಿಗೆ ಅದನ್ನು ಹೇಳುವುದು ವಿಚಿತ್ರವೇ. ಅದಕ್ಕಿಂತ ವಿಚಿತ್ರವೆಂದರೆ, ಸ್ವತಂತ್ರ ಅನುಮಾನದಿಂದ ಹರಿ ಸಿಕ್ಕುವುದಿಲ್ಲವೆಂದು ಸಾರಿದ ಸಂಪ್ರದಾಯದ ವೇದಿಕೆಯಿಂದಲೇ ಈ ಅನುಮಾನ ಕೇಳಿಬರುವುದು.

ದಾಸಸಾಹಿತ್ಯಕ್ಕೂ ವಿಜ್ಞಾನಕ್ಕೂ ನಿಜವಾದ ಮುಖಾಮುಖಿ ಎಲ್ಲಾದರೂ ಇದ್ದರೆ ಅದು ನಾಡೀಪ್ರಕರಣದಂಥ ಕಡೆ. ದೇಹದಲ್ಲಿ 72,000 ನಾಡಿಗಳೆಂಬ ಎಣಿಕೆಯನ್ನು ಅಲ್ಲಿ ಬೃಹತೀಸಹಸ್ರಕ್ಕೆ, ಎಂದರೆ ಬೃಹತಿ ಎಂಬ ವೈದಿಕ ಛಂದಸ್ಸಿನ ಸಾವಿರ ಪದ್ಯಗಳಿಗೆ, ಹೊಂದಿಸಲಾಗಿದೆ: 36 ಅಕ್ಷರದ 1,000 ಬೃಹತಿಗಳಿಂದ 36,000, ನೂರು ವರ್ಷಗಳ ಹಗಲು 36,000, ಇರುಳು ಅಷ್ಟೇ. ಛಂದಸ್ಸು, ಆಯುಸ್ಸು, ಶರೀರ ಮೂರನ್ನೂ ಒಂದೇ ಗಣಿತದಲ್ಲಿ ಕೂಡಿಸುವ ಈ ಕ್ರಮ ಉಪಾಸನೆಯಾಗಿ ಸುಸಂಗತ. ನಾಡಿಗಳೆಂದರೆ ರಕ್ತನಾಳ ಇಲ್ಲವೆ ನರಗಳೆಂದು ಅರ್ಥೈಸಿದರೆ ಮಾತ್ರ ಅದು ಎಣಿಸಿ ನೋಡಬಹುದಾದ ಹೇಳಿಕೆಯಾಗುತ್ತದೆ, ಅಂಗರಚನಾಶಾಸ್ತ್ರ ಅದನ್ನು ಪುಷ್ಟೀಕರಿಸುವುದಿಲ್ಲ. ಈ ಸಂದರ್ಭಕ್ಕೆ ದ್ವೈತದಲ್ಲಿ ತನ್ನದೇ ನಿಯಮವುಂಟು: ಆಗಮವು ಯಾವ ಪ್ರತ್ಯಕ್ಷವನ್ನು ಆಶ್ರಯಿಸಿದೆಯೋ ಆ ಉಪಜೀವ್ಯ ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಆಗಮವಾಕ್ಯಕ್ಕೆ ಅರ್ಥ ಹೇಳಲಾಗದು. ಭೇದ ಮಿಥ್ಯೆಯೆಂಬ ಅದ್ವೈತಿಗಳ ಎದುರು ಜಯತೀರ್ಥರು, ವ್ಯಾಸತೀರ್ಥರು ಹೂಡಿದ ಈ ನಿಯಮವನ್ನು ಶವಚ್ಛೇದನದ ಪ್ರತ್ಯಕ್ಷಕ್ಕೂ ಅನ್ವಯಿಸಿದರೆ, 72,000 ನಾಡಿಗಳನ್ನು ಸೂಕ್ಷ್ಮಶರೀರದವೆಂದು ಓದುವುದೊಂದೇ ವ್ಯಾಖ್ಯಾನಕಾರರಿಗೆ ಉಳಿಯುವ ದಾರಿ.