ಕಾರ್ಡಿಗೆ ಬದಲಾಗಿ ಮೊಬೈಲ್ ಫೋನ್ ಮೂಲಕ ಹಣ ಪಾವತಿ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯೂ ಸೇರಿದಂತೆ ರಾಜ್ಯದ ಬಹುತೇಕ ಬಡಾವಣೆಗಳ ದಿನಸಿ ಅಂಗಡಿ, ಔಷಧಿ ಅಂಗಡಿ, ಖಾನಾವಳಿ ಹಾಗೂ ತಳ್ಳುಗಾಡಿಗಳಲ್ಲಿ ಕ್ಯೂ.ಆರ್. ಕೋಡ್ ಫಲಕ ಇರುವುದು ಸಾಮಾನ್ಯವಾಗಿದೆ. ತತ್ಪರಿಣಾಮವಾಗಿ ಎ.ಟಿ.ಎಂ. ಕಾರ್ಡನ್ನು ಮನೆಯಲ್ಲಿಯೇ ಬಿಟ್ಟು, ಫೋನ್ ಒಂದನ್ನೇ ನೆಚ್ಚಿಕೊಂಡು ಹೊರಡುವವರ ಸಂಖ್ಯೆ ಹೆಚ್ಚಿರುತ್ತದೆ. ಈ ಪದ್ಧತಿ ಅನುಕೂಲಕರವಾಗಿದ್ದರೂ, ಫೋನ್ ಕಳೆದುಹೋದಲ್ಲಿ ಹಣ ಪಡೆಯುವ ದಾರಿಯೇ ಮುಚ್ಚಿಹೋಗುವ ಸಂಭವವಿರುತ್ತದೆ. ಸಿರುಗುಪ್ಪ, ಕುರುಗೋಡು ಮುಂತಾದ ಕಡೆಗಳಿಂದ ಆಸ್ಪತ್ರೆ ಅಥವಾ ಮಾರುಕಟ್ಟೆಯ ಕೆಲಸಕ್ಕೆ ನಗರಕ್ಕೆ ಬರುವವರಿಗೆ ಇದು ಹೆಚ್ಚಿನ ತೊಂದರೆ ಉಂಟುಮಾಡಬಲ್ಲದು.

ಹಿನ್ನೆಲೆ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಏಕೀಕೃತ ಪಾವತಿ ವ್ಯವಸ್ಥೆಯನ್ನು (ಯು.ಪಿ.ಐ.) ಆರಂಭಿಸಿತು. ಅದೇ ವರ್ಷದ ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. 2020ರ ಜನವರಿ 1ರಿಂದ ಯು.ಪಿ.ಐ. ಹಾಗೂ ರುಪೇ ಡೆಬಿಟ್ ಕಾರ್ಡ್ ಪಾವತಿಗಳ ಮೇಲೆ ವ್ಯಾಪಾರಿಗಳು ತೆರಬೇಕಾಗಿದ್ದ ಶುಲ್ಕವನ್ನು ತೆಗೆದುಹಾಕಲಾಯಿತು. ಕಾರ್ಡ್ ಸ್ವೀಕರಿಸಲು ಯಂತ್ರ ಬೇಕು, ಯು.ಪಿ.ಐ.ಗೆ ಮುದ್ರಿತ ಫಲಕವೊಂದು ಸಾಕು. ಸಣ್ಣ ವ್ಯಾಪಾರಿಗಳಲ್ಲಿ ಈ ವ್ಯವಸ್ಥೆ ಬೇಗ ಹರಡಲು ಇವು ಮುಖ್ಯ ಕಾರಣಗಳಾಗಿವೆ.

ಸ್ಮಾರ್ಟ್‌ಫೋನ್ ಇಲ್ಲದವರು *99# ಸೇವೆಯನ್ನು ಹಾಗೂ 2022ರ ಮಾರ್ಚ್‌ನಲ್ಲಿ ಆರಂಭವಾದ ಯು.ಪಿ.ಐ. 123 ಪೇ ಸೇವೆಯನ್ನು ಬಳಸಬಹುದಾಗಿದೆ. ಕಾರ್ಡ್ ಇಲ್ಲದೆ ಯು.ಪಿ.ಐ. ಮೂಲಕ ಎ.ಟಿ.ಎಂ.ನಿಂದ ನಗದು ಪಡೆಯುವ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ನೀಡಬಹುದೆಂದು ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಲ್ಲಿ ಸೂಚಿಸಿತು. ಆದಾಗ್ಯೂ ಇದಕ್ಕೂ ಫೋನ್ ಕೈಯಲ್ಲಿರುವುದು ಅವಶ್ಯಕ.

ಕಾರ್ಡ್ ಏಕೆ ಬೇಕು?

ಯು.ಪಿ.ಐ. ಸೌಲಭ್ಯವು ಖಾತೆಯಲ್ಲಿ ನೋಂದಾಯಿತವಾದ ಮೊಬೈಲ್ ಸಂಖ್ಯೆ, ಆ ಸಂಖ್ಯೆಯ ಸಿಮ್ ಹಾಗೂ ಆ ಫೋನ್, ಈ ಮೂರನ್ನೂ ಅವಲಂಬಿಸಿರುತ್ತದೆ. ಫೋನ್ ಕಳೆದಲ್ಲಿ ಮೊದಲು ಬದಲಿ ಸಿಮ್ ಪಡೆಯಬೇಕು. ವಂಚನೆ ತಡೆಯುವ ಉದ್ದೇಶದಿಂದ ಬದಲಿ ಸಿಮ್ ಚಾಲನೆಗೊಂಡ ನಂತರದ 24 ಗಂಟೆಗಳ ಕಾಲ ಎಸ್.ಎಂ.ಎಸ್. ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ. ಯು.ಪಿ.ಐ. ಮರುನೋಂದಣಿಗೆ ಎಸ್.ಎಂ.ಎಸ್. ಅಗತ್ಯವಾದುದರಿಂದ, ಹೊಸ ಫೋನ್ ಕೊಂಡ ದಿನವೇ ಪಾವತಿ ಸಾಧ್ಯವಾಗದು. ಈ ಅವಧಿಯಲ್ಲಿ ಎ.ಟಿ.ಎಂ.ನಿಂದ ಹಣ ಪಡೆಯಲು ಕಾರ್ಡೇ ಆಧಾರ. ಯು.ಪಿ.ಐ. ಪಿನ್ ಮರೆತವರಿಗೆ ಹೊಸ ಪಿನ್ ರಚಿಸಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿಗಳು ಹಾಗೂ ಅದರ ಮುಕ್ತಾಯದ ತಿಂಗಳು-ವರ್ಷ ಬೇಕಾಗುತ್ತವೆ. ಆಧಾರ್ ಮೂಲಕವೂ ಪಿನ್ ರಚಿಸಬಹುದಾದರೂ, ಅದಕ್ಕೆ ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು.

ಆದ್ದರಿಂದ ಫೋನ್ ಕಾರ್ಡಿನ ಕೆಲಸವನ್ನು ಮಾಡಿದರೂ, ಕಾರ್ಡನ್ನು ಅನಾವಶ್ಯಕವೆಂದು ಭಾವಿಸತಕ್ಕದ್ದಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಕಾರ್ಡನ್ನು ಮನೆಯಲ್ಲಿ ಸುರಕ್ಷಿತವಾಗಿಟ್ಟು, ಮುಕ್ತಾಯದ ಅವಧಿಗೆ ಮುನ್ನ ನವೀಕರಿಸಿಕೊಳ್ಳುವುದು. ಪರಸ್ಥಳಕ್ಕೆ ಹೋಗುವಾಗ ಕಾರ್ಡನ್ನು ಅಥವಾ ಒಂದು ದಿನದ ಖರ್ಚಿಗೆ ಸಾಕಾಗುವ ನಗದನ್ನು ಫೋನಿನಿಂದ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು. ಫೋನಿನ ಕವಚದೊಳಗೆ ಕಾರ್ಡ್ ಇಟ್ಟಲ್ಲಿ ಎರಡೂ ಒಮ್ಮೆಗೇ ಕಳೆದುಹೋಗುತ್ತವೆ.

2. ಬಳಸದ ಕಾರ್ಡಿನ ಆನ್‌ಲೈನ್ ಹಾಗೂ ವಿದೇಶಿ ವ್ಯವಹಾರಗಳನ್ನು ಸ್ಥಗಿತಗೊಳಿಸುವುದು. ಈ ಸೌಲಭ್ಯವು 2020ರ ಅಕ್ಟೋಬರ್ 1ರಿಂದ ಗ್ರಾಹಕರಿಗೆ ಲಭ್ಯವಿರುತ್ತದೆ.

3. ಹಣ ಪಡೆಯಲು ಪಿನ್ ನಮೂದಿಸುವ ಅಗತ್ಯವಿರುವುದಿಲ್ಲ. ಹಣ ಬರುವುದೆಂದು ಹೇಳಿ ಪಿನ್ ಕೇಳಿದಲ್ಲಿ ಅದು ವಂಚನೆಯೆಂದು ತಿಳಿಯತಕ್ಕದ್ದು.

4. ಯು.ಪಿ.ಐ. ಲೈಟ್‌ನಲ್ಲಿ ಸಣ್ಣ ಮೊತ್ತಗಳು ಪಿನ್ ಇಲ್ಲದೆ ಪಾವತಿಯಾಗುವುದರಿಂದ ಅದರಲ್ಲಿರುವ ಮೊತ್ತವನ್ನು ಜೇಬಿನಲ್ಲಿರುವ ನಗದಿನಂತೆಯೇ ಪರಿಗಣಿಸಿ, ಫೋನಿಗೆ ಸ್ಕ್ರೀನ್ ಲಾಕ್ ಹಾಕುವುದು.

5. ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನೊಂದಿಗೆ 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಒಂದುಗೂಡಿದೆ. ಇಂತಹ ವಿಲೀನಗಳ ಸಂದರ್ಭದಲ್ಲಿ ಖಾತೆದಾರರು ನೋಂದಾಯಿತ ಮೊಬೈಲ್ ಸಂಖ್ಯೆ ಹಾಗೂ ಕಾರ್ಡ್ ಚಾಲ್ತಿಯಲ್ಲಿರುವುದನ್ನು ಶಾಖೆಯಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ಫೋನ್ ಕಳೆದಲ್ಲಿ ಅನುಸರಿಸಬೇಕಾದ ಕ್ರಮ

1. ಬೇರೊಬ್ಬರ ಫೋನಿನಿಂದ ಮೊಬೈಲ್ ಸೇವಾ ಸಂಸ್ಥೆಗೆ ಕರೆ ಮಾಡಿ ಸಿಮ್ ಸ್ಥಗಿತಗೊಳಿಸುವುದು.
2. ಬ್ಯಾಂಕಿಗೆ ತಿಳಿಸಿ ಯು.ಪಿ.ಐ. ಸೌಲಭ್ಯ ತಡೆಹಿಡಿಯುವಂತೆ ಕೋರುವುದು; ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.
3. ಪೊಲೀಸ್ ಠಾಣೆಯಲ್ಲಿ ದೂರು ನೀಡಿ, ಸಂಚಾರ ಸಾಥಿ ಜಾಲತಾಣದ ಮೂಲಕ ಫೋನನ್ನು ನಿಷ್ಕ್ರಿಯಗೊಳಿಸುವುದು.
4. ಹಣ ವಂಚನೆಯಾಗಿದ್ದಲ್ಲಿ ವಿಳಂಬವಿಲ್ಲದೆ 1930 ಸಹಾಯವಾಣಿಗೆ ಕರೆ ಮಾಡುವುದು.

ಪರಿಹಾರ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಬ್ಯಾಂಕಿನದಾಗಲೀ ಗ್ರಾಹಕರದಾಗಲೀ ತಪ್ಪಿಲ್ಲದ ಅನಧಿಕೃತ ವ್ಯವಹಾರವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕರಿಗೆ ನಷ್ಟದ ಹೊಣೆ ಇರುವುದಿಲ್ಲವೆಂದು ತಿಳಿಸಲಾಗಿತ್ತು. ಪಿನ್ ಅನ್ನು ಇತರರಿಗೆ ತಿಳಿಸಿದ್ದಲ್ಲಿ, ಬ್ಯಾಂಕಿಗೆ ವರದಿ ಮಾಡುವವರೆಗಿನ ನಷ್ಟ ಗ್ರಾಹಕರದೇ ಆಗಿರುತ್ತದೆ. ಖಾತೆಯಿಂದ ಹಣ ಕಡಿತವಾಗಿಯೂ ಪಾವತಿ ಪೂರ್ಣವಾಗದಿದ್ದ ಸಂದರ್ಭಗಳಿಗೆ 2019ರ ಸೆಪ್ಟೆಂಬರ್ 20ರ ಸುತ್ತೋಲೆಯು ಕಾಲಮಿತಿ ನಿಗದಿಪಡಿಸಿ, ವಿಳಂಬದ ಪ್ರತಿ ದಿನಕ್ಕೆ ರೂ. 100 ಪರಿಹಾರ ಗೊತ್ತುಪಡಿಸಿತು. ಬ್ಯಾಂಕಿನಿಂದ 30 ದಿನಗಳಲ್ಲಿ ಉತ್ತರ ದೊರೆಯದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಾವು ಖಾತೆ ಹೊಂದಿರುವ ಬ್ಯಾಂಕ್ ಶಾಖೆಯನ್ನು ಸಂಪರ್ಕಿಸುವುದು.