ಹೆಸರು ಹೇಳಲಾಗದ ಋಣ

ಕ್ರಿ.ಶ. 8ರಲ್ಲಿ ಆಗಸ್ಟಸ್ ಚಕ್ರವರ್ತಿಯ ಕೋಪ ಓವಿಡ್ ಕವಿಯ ಮೇಲೆರಗಿತು. ಒಂದು ಕಾವ್ಯ, ಒಂದು ತಪ್ಪು ತನ್ನನ್ನು ಕೆಡಿಸಿದವೆಂದ ಕವಿ ಆ ತಪ್ಪೇನೆಂದು ಕಡೆಯವರೆಗೂ ಬಾಯಿಬಿಡಲಿಲ್ಲ. ಪೌರತ್ವ ಉಳಿಯಿತು, ಆಸ್ತಿ ಉಳಿಯಿತು. ಅವನು ಮಾತ್ರ ರೋಮ್ ತೊರೆದು ಕಪ್ಪು ಸಮುದ್ರದ ತಡಿಯ ತೋಮಿಸ್‌ನಲ್ಲಿ ಬಾಳಬೇಕಾಯಿತು.

ಜನ ತುಂಬಿರುತ್ತಿದ್ದ ಮನೆಯಲ್ಲಿ ಕೊನೆಯ ರಾತ್ರಿ ಉಳಿದ ಗೆಳೆಯರು ಒಬ್ಬಿಬ್ಬರು. ಪ್ರಾಣ ಕಳೆದುಕೊಳ್ಳಲು ಹೊರಟಿದ್ದವನ ಕೈ ಹಿಡಿದು ತಡೆದವನು ಸೆಲ್ಸಸ್. ಮುಂದೆ ಆ ಸೆಲ್ಸಸ್ ತೀರಿಕೊಂಡ ಸುದ್ದಿ ಇನ್ನೊಬ್ಬ ಗೆಳೆಯ ಕೋಟ್ಟಾ ಮ್ಯಾಕ್ಸಿಮಸ್‌ನ ಓಲೆಯಲ್ಲಿ ತೋಮಿಸ್ ತಲುಪಿದಾಗ, ಗೆಳೆಯನ ಚಿತೆಗೆ ಸುಗಂಧ ಸುರಿಯಲೂ ಕವಿಗೆ ದಾರಿಯಿರಲಿಲ್ಲ. ಕವಿತೆಯಲ್ಲೇ ಅತ್ತ.

ನೆರವಾದವರನ್ನು ಹೊಗಳುವುದೂ ಅವರಿಗೆ ಕೇಡು ತರಬಹುದಾದ ಕಾಲವದು. ಆದ್ದರಿಂದ ಗಡಿಪಾರಿನಲ್ಲಿ ಬರೆದ ‘ತ್ರಿಸ್ತಿಯಾ’ದ ಐದು ಸಂಪುಟಗಳಲ್ಲಿ ಅಂಥ ಗೆಳೆಯರ ಹೆಸರಿಲ್ಲ, ಓದಿದವನೇ ತನ್ನನ್ನು ಗುರುತಿಸಿಕೊಳ್ಳಬೇಕು. ಆ ಮೌನವನ್ನು ನಾನು ಕವಿಯ ಅತಿ ದೊಡ್ಡ ಸೇವೆಯೆಂದೇ ಎಣಿಸುತ್ತೇನೆ. ಹೊಗಳಿಕೆಯೊಂದೇ ಕೊಡಲು ಉಳಿದಿದ್ದವನು ಅದನ್ನೂ ತಡೆಹಿಡಿದ. ಆಮೇಲೆ ಬರೆದ ‘ಪೊಂಟಸ್ ಓಲೆ’ಗಳಲ್ಲಿ ಹೆಸರುಗಳು ಹೊರಬಂದವು. ಆಗಲೂ ಒಬ್ಬ ಗೆಳೆಯ ಬೇಡವೆಂದ. ಕವಿ ಅವನ ಹೆಸರನ್ನು ಬರೆಯಲಿಲ್ಲ.

ಕೋಟ್ಟಾನಿಗೆ ಬರೆದ ಒಂದು ಓಲೆಯಲ್ಲಿ ತೋಮಿಸ್ ಸುತ್ತಲಿನ ಗೆಟೇ ಜನರ ನಡುವೆ ಕುಳಿತ ಕವಿಯನ್ನು ಕಾಣುತ್ತೇವೆ. ಗೆಳೆಯರ ನಿಷ್ಠೆಯನ್ನು ಆ ಜನರ ಮುಂದೆ ಕೊಂಡಾಡಿದಾಗ, ತೌರಿಸ್ ನಾಡಿನ ಮುದುಕನೊಬ್ಬ, ಸ್ನೇಹವೆಂದರೇನೆಂದು ನಮಗೂ ಗೊತ್ತು ಎಂದು ಮಾತು ತೆಗೆಯುತ್ತಾನೆ. ತನ್ನ ನಾಡಿನ ದೇವಿಗೆ ಹೊರಗಿನವರನ್ನು ಬಲಿ ಕೊಡುತ್ತಿದ್ದ ಕಾಲದಲ್ಲಿ ಗ್ರೀಕ್ ಪುರಾಣದ ಗೆಳೆಯರಾದ ಓರೆಸ್ಟಿಸ್, ಪಿಲಾಡಿಸ್ ಸೆರೆಸಿಕ್ಕಿದರಂತೆ. ಒಬ್ಬನಷ್ಟೇ ಬದುಕಬಹುದೆಂದಾಗ, ನಾನೇ ಸಾಯುವೆನೆಂದು ಇಬ್ಬರೂ ಪಟ್ಟುಹಿಡಿದರಂತೆ. ಕೇಳಿದವರೆಲ್ಲ ತಲೆದೂಗಿದರು. ಕಾಡುಜನರೆಂದು ರೋಮ್ ಕರೆದವರ ಎದೆಯಲ್ಲೂ ಈ ಗುಣವಿತ್ತೆಂದು ಬರೆದ ಕವಿ, ರೋಮ್‌ನಲ್ಲಿ ತನ್ನನ್ನು ಕೈಬಿಟ್ಟವರ ಮುಖಕ್ಕೆ ಕನ್ನಡಿ ಹಿಡಿದಂತಾಯಿತು.

ಇನ್ನು ಸೆಕ್ಸ್ಟಸ್ ಪೊಂಪೇಯಸ್. ಗಡಿಪಾರಿನ ಹಾದಿಯಲ್ಲಿ ಥ್ರೇಸಿಯನ್ನರ ಕತ್ತಿಗೆ ಸಿಗದಂತೆ ಕವಿಯನ್ನು ಕಾಪಾಡಿದವನು, ಹಣ ಕೊಟ್ಟವನು. ಬೇರೆಯವರಿಗೆ ಬರೆಯಲು ಕುಳಿತರೂ ಮೇಣದ ಹಲಗೆಯ ಮೇಲೆ ಕೈ ತಾನಾಗಿ ಅವನ ಹೆಸರನ್ನೇ ಬರೆಯುತ್ತಿತ್ತೆನ್ನುತ್ತಾನೆ ಓವಿಡ್. ಆದರೂ ‘ಪೊಂಟಸ್ ಓಲೆ’ಗಳ ಮೊದಲ ಮೂರು ಸಂಪುಟಗಳಲ್ಲಿ ಆ ಹೆಸರು ಬರಲಿಲ್ಲ. ಪೊಂಪೇಯಸ್ ಕಾನ್ಸಲ್ ಆದದ್ದು ಕ್ರಿ.ಶ. 14ರಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಆಗಸ್ಟಸ್ ಕಣ್ಮುಚ್ಚಿದ. ನಾಲ್ಕನೆಯ ಸಂಪುಟ ತೆರೆಯುವುದೇ ಪೊಂಪೇಯಸ್‌ನ ಹೆಸರಿನಿಂದ. ಅವನ ಸಿಸಿಲಿಯ ಹೊಲ, ಮ್ಯಾಸಿಡೋನಿಯದ ಭೂಮಿ, ರೋಮ್‌ನ ಮನೆ ಇವುಗಳ ಸಾಲಿನಲ್ಲಿ ತನ್ನನ್ನೂ ಎಣಿಸಿಕೊಳ್ಳುವಂತೆ, ರೋಮನ್ ಪದ್ಧತಿಯ ಕಂಚು-ತಕ್ಕಡಿಯ ಸಾಕ್ಷಿಯಲ್ಲಿ ಕೊಂಡ ಆಸ್ತಿಯೆಂದು ತಿಳಿಯುವಂತೆ, ಕವಿ ಅಲ್ಲಿ ಬೇಡಿಕೊಂಡಿದ್ದಾನೆ.