ತಲಕಾಡಿನ ಮರಳು: ಶಾಪಕ್ಕೂ ಮೊದಲಿನ ಗಾಳಿ

ತಿ. ನರಸೀಪುರ ತಾಲ್ಲೂಕಿನ ತಲಕಾಡನ್ನು ಮರಳು ನುಂಗಿದ್ದು ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಶಾಪದಿಂದ ಎಂದು ನಾಡು ನಂಬಿದೆ. ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದ 1610ರ ಆಸುಪಾಸಿನ ಕಥೆ ಅದು. ಆದರೆ ಕಾರಣವನ್ನು ಇನ್ನೂ ಹಿಂದೆ ಹುಡುಕಬೇಕು. 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ಊರಿನ ಮೇಲ್ಭಾಗದಲ್ಲಿ ಎದ್ದಿತು. ನಂಜನಗೂಡಿನಿಂದ ಬರುವ ಕಪಿಲೆಯನ್ನು ಕೂಡಿಕೊಂಡ ಕಾವೇರಿಯ ನೀರು ನಾಲೆಗೆ ತಿರುಗಿತು. ಗದ್ದೆಗಳು ಹಸಿರಾದವು, ಬೇಸಿಗೆಯ ಹೊಳೆ ಮಾತ್ರ ಸೊರಗಿತು. ಬರಿದಾದ ಪಾತ್ರದ ಒಣ ಮರಳನ್ನು ನೈಋತ್ಯದ ಬಿರುಗಾಳಿ ವರ್ಷವರ್ಷವೂ ದಡಕ್ಕೆ ತಂದು ಸುರಿಯಿತು.

ಕಾವೇರಿಗೆ ಬೇರೆಡೆಯೂ ಕಟ್ಟೆಗಳಿವೆ, ಆ ಊರುಗಳೇಕೆ ಮುಳುಗಲಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಲಕಾಡಿನಲ್ಲಿ ಹೊಳೆ ಬಲವಾಗಿ ಬಾಗುತ್ತದೆ. ತಿರುವಿನಲ್ಲಿ ಮರಳು ರಾಶಿಬೀಳುತ್ತದೆ, ಊರು ಗಾಳಿಗೆ ಎದುರಾಗಿದೆ. ಕಟ್ಟೆ, ತಿರುವು, ಗಾಳಿ ಮೂರೂ ಸೇರಿದ್ದು ಇಲ್ಲಿಯೇ. ಹಾಗೆಂದು ಶಾಪದ ಕಥೆಯನ್ನು ತಳ್ಳಿಹಾಕುವುದು ನನಗೆ ಸರಿಕಾಣದು. ಮನೆ, ಗುಡಿ ಕಳೆದುಕೊಂಡವರ ನೋವು ಅದರಲ್ಲಿ ಉಳಿದಿದೆ. ವಿಷ್ಣುವರ್ಧನ ಚೋಳರನ್ನು ಗೆದ್ದು ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೇ ಮರಳು ಬಿಡಲಿಲ್ಲ. ಪಂಚಲಿಂಗ ದರ್ಶನಕ್ಕೆ ಬಂದವರು ಪಾತಾಳೇಶ್ವರನನ್ನು ಕಾಣಲು ಇಂದಿಗೂ ಮರಳದಿಬ್ಬಗಳ ನಡುವೆ ಕೆಳಗಿಳಿಯಬೇಕು.